ಸರ್, ಸಾಲಿ ಯಾವಾಗ ಸುರು?

ಹೊಳೆ ಇಳಿದ ಮೇಲೆ ಶಾಲೆಯ ಬಾಗಿಲು ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಬಿಸಿಯೂಟದ ಅಕ್ಕಿಯ ವಾಸನೆ. ನೆನೆದು, ಹುಳಿತು, ಚೀಲ ಒಡೆದು ಅಡುಗೆ ಕೋಣೆ ತುಂಬ ಹರಡಿತ್ತು. ಬೋರ್ಡಿನ ಮೇಲೆ ನನ್ನ ಎದೆಮಟ್ಟಕ್ಕೆ ನೀರು ನಿಂತ ಗೆರೆ. ಗೆರೆಯ ಮೇಲೆ, ರಜೆ ಕೊಡುವ ಹಿಂದಿನ ದಿನ ನಾನೇ ಬರೆದಿದ್ದ ತಾರೀಖು ಹಾಗೇ ಇತ್ತು. ಕೆಳಗೆ ಬರೆದ ಪಾಠದ ಹೆಸರು ತೊಳೆದುಹೋಗಿತ್ತು.

ಇದು ಆಗಸ್ಟ್ 2019ರ ಮಾತು. ಮಲಪ್ರಭೆಯ ದಂಡೆಯ ಮೇಲಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮಾಸ್ತರ. ನವಿಲುತೀರ್ಥದ ಆಣೆಕಟ್ಟಿನಿಂದ ನೀರು ಬಿಟ್ಟರು, ಮೇಲಿಂದ ಮಳೆಯೂ ನಿಲ್ಲಲಿಲ್ಲ. ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತ ಫೋಟೊ ನೀವೂ ನೋಡಿರುತ್ತೀರಿ. ಆ ಸಲ ರಾಜ್ಯದ 22 ಜಿಲ್ಲೆಗಳು ನೆರೆಪೀಡಿತ ಅನ್ನಿಸಿಕೊಂಡವು. ನಮ್ಮೂರಿನವರು ಇದ್ದಬದ್ದ ಸಾಮಾನು ಟ್ರ್ಯಾಕ್ಟರಿಗೆ ಹೇರಿಕೊಂಡು ಮೇಲಿನ ಊರಿನ ಹೈಸ್ಕೂಲಿಗೆ ಹೋದರು. ಅಲ್ಲಿ ಗಂಜಿ ಕೇಂದ್ರ ತೆರೆದಿದ್ದರು. ಈಗ ಅದಕ್ಕೆ ಕಾಳಜಿ ಕೇಂದ್ರ ಅಂತ ಚೆಂದದ ಹೆಸರು ಬಂದಿದೆ. ನಮ್ಮ ಜನ ಇವತ್ತಿಗೂ ಗಂಜಿ ಕೇಂದ್ರ ಅಂತಲೇ ಅನ್ನುವುದು.

ನನಗೂ ಅಲ್ಲೇ ಡ್ಯೂಟಿ ಬಿತ್ತು. ಬಾಗಿಲ ಹತ್ತಿರ ಒಂದು ಟೇಬಲ್ಲು, ಒಂದು ಪಟ್ಟಿ. ಯಾರ ಮನೆಯವರು ಎಷ್ಟು ಜನ, ಯಾರಿಗೆ ಹೊದಿಕೆ ಸಿಕ್ಕಿತು, ಯಾರಿಗೆ ಇಲ್ಲ. ಊಟದ ಹೊತ್ತಿಗೆ ಸಾಲು ನಿಲ್ಲುತ್ತಿತ್ತು. ಸಾಲಿನಲ್ಲಿ ನಮ್ಮ ಶಾಲೆಯ ಮಕ್ಕಳೇ. ದಿನಾ ನನ್ನ ಮುಂದೆ ಬೆಂಚಿನ ಮೇಲೆ ಕೂರುತ್ತಿದ್ದ ಹುಡುಗ ತಟ್ಟೆ ಹಿಡಿದು ನಿಂತಿದ್ದಾನೆ, ನಾನು ಅವನ ಹೆಸರಿನ ಮುಂದೆ ಗುರುತು ಹಾಕುತ್ತಿದ್ದೇನೆ. ಹಾಜರಿ ಹಾಕಿದ ಹಾಗೆಯೇ, ಆದರೆ ಅನ್ನಕ್ಕೆ. ನಾಲ್ಕನೇ ದಿನವೋ ಐದನೇ ದಿನವೋ, ಐದನೇ ಇಯತ್ತೆಯ ಒಬ್ಬ ಹುಡುಗ ತಟ್ಟೆ ಮುಂದೆ ಚಾಚಿಕೊಂಡೇ ಕೇಳಿದ: "ಸರ್, ಸಾಲಿ ಯಾವಾಗ ಸುರು?"

"ಹೊಳಿ ಇಳೀಲಿ ಮೊದಲ" ಅಂದೆ. ಅವನು ಸುಮ್ನೆ ಮುಂದೆ ಹೋದ.

ಉತ್ತರ ತಪ್ಪು ಅಂತ ಆಗ ಅನ್ನಿಸಲಿಲ್ಲ. ಹೊಳೆಗೂ ಸಾಲಿಗೂ ಗಂಟು ಹಾಕುವುದು ನಮಗೆಲ್ಲ ಅಭ್ಯಾಸ. ನೀರು ಬಂದರೆ ರಜೆ, ನೀರು ಇಳಿದರೆ ಸಾಲಿ.

ಎರಡು ವರ್ಷದ ನಂತರ ಒಂದು ತರಬೇತಿಯಲ್ಲಿ ಒಂದು ಕೈಪಿಡಿಯ ಕೆಲವು ಹಾಳೆಗಳ ಝೆರಾಕ್ಸ್ ಕೈಗೆ ಬಂತು. ತುರ್ತು ಪರಿಸ್ಥಿತಿಯಲ್ಲಿ ಶಿಕ್ಷಣಕ್ಕೆ ಇರಬೇಕಾದ ಕನಿಷ್ಠ ಮಾನದಂಡಗಳು. ಐಎನ್‌ಇಇ ಅಂತ ಒಂದು ಅಂತರರಾಷ್ಟ್ರೀಯ ಜಾಲ ಇದೆ, 2000ರಲ್ಲಿ ಶುರುವಾದದ್ದು. ಯುದ್ಧ, ಭೂಕಂಪ, ನೆರೆ ಇರುವಲ್ಲಿ ಮಕ್ಕಳ ಓದು ನೋಡಿಕೊಳ್ಳುವ ಸಂಸ್ಥೆಗಳು, ಸರ್ಕಾರಗಳು, ಮೇಷ್ಟ್ರುಗಳು ಸೇರಿಕೊಂಡದ್ದು. 50ಕ್ಕೂ ಹೆಚ್ಚು ದೇಶಗಳ ಎರಡು ಸಾವಿರಕ್ಕೂ ಜಾಸ್ತಿ ಜನರನ್ನು ಕೇಳಿ ಈ ಪುಸ್ತಕ ಮಾಡಿದರಂತೆ. 2004ರ ಡಿಸೆಂಬರಿನಲ್ಲಿ ಹೊರಬಂತು. ಅದೇ ತಿಂಗಳ 26ಕ್ಕೆ ಸುನಾಮಿ. ಪುಸ್ತಕದ ಶಾಯಿ ಆರುವ ಮೊದಲೇ ಪರೀಕ್ಷೆ ಬಂದ ಹಾಗಾಯಿತು. ಇಂಡೊನೇಷ್ಯಾದಲ್ಲಿ 'ಆಚೆ' ಅನ್ನುವ ಹೆಸರಿನ ಪ್ರಾಂತದಲ್ಲಿ ಅದನ್ನು ಹಿಡಿದುಕೊಂಡೇ ಕೆಲಸ ಮಾಡಿದರು. ಆಮೇಲೆ 2010ರಲ್ಲಿ ತಿದ್ದಿ ಬರೆದರು, 2024ರಲ್ಲಿ ಇನ್ನೊಮ್ಮೆ.

ನನಗೆ ಸಿಕ್ಕಿದ್ದು 2010ರದ್ದು. ಒಟ್ಟು 19 ಮಾನದಂಡ. ರಾತ್ರಿ ಊಟ ಆದ ಮೇಲೆ ಪೆನ್ಸಿಲ್ ಹಿಡಿದು ಕೂತೆ. ಓದುತ್ತಾ 2019ನ್ನು ನೆನಪು ಮಾಡಿಕೊಂಡು ಅಂಚಿನಲ್ಲಿ 'ಆಯ್ತು', 'ಇಲ್ಲ', 'ಅರ್ಧ' ಅಂತ ಬರೆಯುತ್ತಾ ಹೋದೆ. ಪೇಪರ್ ತಿದ್ದುವವನಿಗೆ ತನ್ನದೇ ಪೇಪರ್ ಸಿಕ್ಕಿದ ಹಾಗೆ. ಹೇಳಿಬಿಡುತ್ತೇನೆ, 'ಆಯ್ತು' ಕಡಿಮೆ ಇದ್ದವು.

ಆದರೆ ಮೊದಲ ಮಾನದಂಡಕ್ಕೆ 'ಆಯ್ತು' ಬರೆದೆ. ಊರಿನವರನ್ನು ಕೇಳಿ, ಅವರನ್ನು ಸೇರಿಸಿಕೊಂಡು ಮಾಡಿ ಅನ್ನುವುದು ಅದರ ಸಾರ. ನಾವೇನೂ ಅದನ್ನು ತಿಳಿದು ಮಾಡಿದ್ದಲ್ಲ. ಗಂಜಿ ಕೇಂದ್ರಕ್ಕೆ ಬಂದು ವಾರ ಕಳೆದಿತ್ತು. ಆಗಸ್ಟ್ 15ರ ಧ್ವಜ ಅಲ್ಲೇ ಹಾರಿಸಿದ್ದೆವು. ಗಂಡಸರು ಬಿದ್ದ ಮನೆಯ ಸರ್ವೆಗೆ ಅಂತ ಬೆಳಗ್ಗೆ ಹೋದರೆ ಸಂಜೆಯೇ ಬರುತ್ತಿದ್ದರು. ಆಗ ನಾಲ್ಕೈದು ತಾಯಂದಿರು ನನ್ನ ಟೇಬಲ್ಲಿನ ಹತ್ತಿರ ಬಂದರು. ಅವರಲ್ಲಿ ಒಬ್ಬರು ಅಂದರು: "ಸರ್, ಇವಕ್ಕ ಏನರ ಓದಸ್ರಿ. ಮಧ್ಯಾಹ್ನ ಇಟ್ಕೊಳ್ರಿ. ಊಟ ಆದ ಮ್ಯಾಲೆ ಎಲ್ಲಾ ಹೊಳಿ ಕಡೆ ಓಡ್ತಾವು."

ಆ ಮಾತು ಕೇಳಿ ನಾಚಿಕೆಯಾಯಿತು. ಓದು ಅನ್ನುವುದು ಹೊಟ್ಟೆ ತುಂಬಿದ ಮೇಲಿನ ಮಾತು ಅಂದುಕೊಂಡಿದ್ದೆ. ಆ ತಾಯಿಗೆ ಅದು ಮಗ ಹೊಳೆಗೆ ಬೀಳದೆ ಇರುವ ಉಪಾಯ. ಕೈಪಿಡಿಯೂ ಇದನ್ನೇ ಹೇಳುತ್ತದೆ. ಇಂಥ ಹೊತ್ತಿನಲ್ಲಿ ಶಾಲೆ ಮಕ್ಕಳ ಜೀವ ಉಳಿಸುತ್ತದೆ ಅಂತ. ಅವಳು ಎರಡು ಮಾತಿನಲ್ಲಿ ಹೇಳಿದ್ದಳು.

ಮಧ್ಯಾಹ್ನ ಎರಡಕ್ಕೆ ಶುರು ಮಾಡಿದೆವು. ಕೋಣೆಯ ತುಂಬ ಜನ ಮಲಗಿದ್ದರು, ಗಂಟುಮೂಟೆ ಇತ್ತು. ಹಾಗಾಗಿ ವರಾಂಡದ ಮೂಲೆಯಲ್ಲಿ ಜಾಗ. ಬೋರ್ಡಿನ ಮೇಲೆ ಒದ್ದೆ ಬಟ್ಟೆ ಹಾಕಿದ್ದರು, ತೆಗೆಯಿರಿ ಅನ್ನಲು ಬಾಯಿ ಬರಲಿಲ್ಲ. ಹೈಸ್ಕೂಲಿನ ಒಂದು ಕಬ್ಬಿಣದ ಬೀರುವನ್ನು ಯಾರೋ ಹೊರಗೆ ತಂದು ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದ್ದರು. ಅದರ ಬೆನ್ನು ಬೂದು ಬಣ್ಣದ್ದು, ಸ್ವಲ್ಪ ತುಕ್ಕು ಹಿಡಿದದ್ದು. ಖಡುವಿನಿಂದ ಬರೆದು ನೋಡಿದೆ. ಅಕ್ಷರ ಮೂಡಿತು. ತುಕ್ಕು ಇದ್ದ ಕಡೆ ಇನ್ನೂ ಚೆನ್ನಾಗಿ ಮೂಡಿತು.

ಏನು ಕಲಿಸುವುದು? ಪುಸ್ತಕ ಇಲ್ಲ, ಪಾಟಿ ಇಲ್ಲ, ಒಂದನೇ ಇಯತ್ತೆಯಿಂದ ಏಳರವರೆಗೆ ಎಲ್ಲರೂ ಒಟ್ಟಿಗೆ. ಒಬ್ಬೊಬ್ಬರೇ ಬಂದು ನಿಮ್ಮ ಹೆಸರು ಬರೆಯಿರಿ ಅಂದೆ. ಒಂದನೇ ತರಗತಿಯವರಿಗೆ ದೊಡ್ಡವರು ಕೈಹಿಡಿದು ಬರೆಸಿದರು. ಬೀರುವಿನ ಬೆನ್ನು ತುಂಬಿತು, 43 ಹೆಸರು. ತುಂಬಿದ ಮೇಲೆಯೇ ಗೊತ್ತಾದದ್ದು ಯಾರು ಇಲ್ಲ ಅಂತ. "ಅಕಿ ಎಲ್ಲಿ?" "ಸರ್, ಅವರು ಇಳಕಲ್ಲಿಗೆ ಹೋದ್ರು, ಮಾವನ ಮನೀಗೆ." "ಅವರ ಮನ್ಯಾಗಿನವ್ರು ಗೋವಾಕ್ಕ ದುಡ್ಯಾಕ ಹೋಗ್ತಾರಂತ್ರಿ." ಅಷ್ಟು ದಿನ ಊಟದ ಪಟ್ಟಿ ನನ್ನ ಕೈಯಲ್ಲೇ ಇತ್ತು. ಅದರಲ್ಲಿ ಇದ್ದದ್ದು 'ಕುಟುಂಬ: 5 ಜನ' ಅಂತ ಮಾತ್ರ. ಯಾವ ಮಗು ಇದೆ, ಯಾವುದು ಇಲ್ಲ ಅನ್ನುವುದು ಆ ಪಟ್ಟಿಗೆ ಬೇಕಿರಲಿಲ್ಲ.

ಆ ವರಾಂಡದ ಪಾಠಕ್ಕೆ ಏಳನೆಯ ಇಯತ್ತೆಯ ಹೆಣ್ಣುಮಕ್ಕಳು ಮೂರು ದಿನ ಬರಲೇ ಇಲ್ಲ. ದೊಡ್ಡವರಾದರು, ಸಂಕೋಚ ಅಂದುಕೊಂಡೆ. ನಮ್ಮ ಟೀಚರ್ ಒಬ್ಬರು ಹೋಗಿ ಕೇಳಿಕೊಂಡು ಬಂದರು. ಇದ್ದದ್ದೇ ಬೇರೆ. ಮುನ್ನೂರು ಜನಕ್ಕೆ ಹೈಸ್ಕೂಲಿನ ಎರಡು ಶೌಚಾಲಯ. ಕತ್ತಲಾದ ಮೇಲೆ ಹೊರಗೆ ಹೋಗಬೇಕು. ಹಗಲು ಹೋಗಬೇಕಾಗಿ ಬರಬಾರದು ಅಂತ ಆ ಹುಡುಗಿಯರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ತಲೆನೋವು, ಸುಸ್ತು, ಮೂಲೆಯಲ್ಲಿ ಮಲಗಿರುವುದು. ಅವತ್ತು ಸಂಜೆ ತಾಡಪತ್ರಿ ಕಟ್ಟಿ ಹಿಂದುಗಡೆ ಮರೆ ಮಾಡಿಸಿದೆವು. ಮಾರನೆಯ ದಿನ ನಾಲ್ಕು ಜನ ಬಂದರು. ಶಾಲೆಗಳಲ್ಲಿ 30 ಹುಡುಗಿಯರಿಗೆ ಒಂದು, 60 ಹುಡುಗರಿಗೆ ಒಂದು ಶೌಚಾಲಯ ಬೇಕು, ಕುಡಿಯಲು ಮತ್ತು ಕೈ ತೊಳೆಯಲು ಮಗುವೊಂದಕ್ಕೆ ದಿನಕ್ಕೆ 3 ಲೀಟರ್ ನೀರು ಬೇಕು ಅಂತ ಕೈಪಿಡಿಯಲ್ಲಿ ಓದಿದಾಗ, ಅದನ್ನೂ 'ಶಿಕ್ಷಣ'ದ ಪುಸ್ತಕದಲ್ಲಿ ಯಾಕೆ ಬರೆದರು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಇನ್ನು ನಮ್ಮ ಕಾನೂನಿನ ಮಾತಿಗೆ ಬರುತ್ತೇನೆ. ಸ್ವಲ್ಪ ಸಿಟ್ಟಿನಿಂದ ಬರೆದರೆ ಬೇಜಾರಾಗಬೇಡಿ.

ಮೇಷ್ಟ್ರುಗಳನ್ನು ಪಾಠ ಬಿಟ್ಟು ಬೇರೆ ಕೆಲಸಕ್ಕೆ ಹಾಕಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಸ್ಟಾಫ್ ರೂಮಿನಲ್ಲಿ ಆಗಾಗ ನಾವೇ ಹೇಳಿಕೊಳ್ಳುವ ಸೆಕ್ಷನ್ನು. ಆದರೆ ಅದರಲ್ಲೇ ಮೂರು ವಿನಾಯಿತಿ ಇವೆ. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ಚುನಾವಣೆ, ಮತ್ತು ವಿಪತ್ತು ಪರಿಹಾರ. ಅಂದರೆ ಮಗುವಿಗೆ ಮಾಸ್ತರ ಅತಿ ಹೆಚ್ಚು ಬೇಕಾದ ವಾರದಲ್ಲೇ, ಕಾನೂನು ಪ್ರಕಾರವೇ, ಮಾಸ್ತರ ಅಕ್ಕಿ ಅಳೆಯಬಹುದು. ನಾನು ಆ ಡ್ಯೂಟಿಯನ್ನು ಬೈಯುತ್ತಿಲ್ಲ. ಊರಿನ ಪ್ರತಿ ಮನೆ ಗೊತ್ತಿರುವವರು ನಾವೇ, ನಾವಲ್ಲದೆ ಇನ್ಯಾರು ಮಾಡಬೇಕು? ಆದರೆ ಒಂದು ಶಾಲೆಯ ಐದೂ ಮೇಷ್ಟ್ರುಗಳನ್ನು ಪಟ್ಟಿ ಬರೆಯಲು ಕೂರಿಸಬೇಕಾ?

ಇನ್ನೊಂದು ಕಾಯ್ದೆ 2005ರ ವಿಪತ್ತು ನಿರ್ವಹಣಾ ಕಾಯ್ದೆ. ಅದರ 12ನೇ ಸೆಕ್ಷನ್ ಪರಿಹಾರದ ಕನಿಷ್ಠ ಮಾನದಂಡಗಳ ಬಗ್ಗೆಯೇ ಇದೆ. ಪರಿಹಾರ ಕೇಂದ್ರದಲ್ಲಿ ಏನೇನು ಇರಲೇಬೇಕು ಅಂತ ಹೆಸರು ಹಿಡಿದು ಹೇಳುತ್ತದೆ: ವಸತಿ, ಆಹಾರ, ಕುಡಿಯುವ ನೀರು, ವೈದ್ಯಕೀಯ ನೆರವು, ನೈರ್ಮಲ್ಯ. ಆ ಸಾಲಿನಲ್ಲಿ ಓದು ಇಲ್ಲ. 'ಅಗತ್ಯವಿರುವ ಇತರ ಪರಿಹಾರ' ಅಂತ ಕೊನೆಗೊಂದು ಮಾತು ಇದೆ, ಬೇಕಾದರೆ ಅದರೊಳಗೆ ತೂರಿಸಬಹುದು. ಪಟ್ಟಿಯಲ್ಲಿ ಇಲ್ಲದ್ದನ್ನು ಯಾವ ಅಧಿಕಾರಿಯೂ ಕೇಳುವುದಿಲ್ಲ. ಹೊದಿಕೆ ಕೊಟ್ಟಿರಾ ಅಂತ ಕೇಳಲು ಬಂದವರು ಆರು ಜನ. ಪಾಠ ಶುರುವಾಯಿತಾ ಅಂತ ಕೇಳಿದ್ದು ತಟ್ಟೆ ಹಿಡಿದ ಆ ಹುಡುಗ ಒಬ್ಬನೇ.

ಇಷ್ಟರ ನಡುವೆ ಇನ್ನೊಂದು ಶಾಲೆಯೂ ಮುಚ್ಚಿತ್ತು ಅನ್ನುವುದು ನಮಗೆ ತಡವಾಗಿ ಹೊಳೆಯಿತು. ಮೇಲಿನ ಊರಿನ ಹೈಸ್ಕೂಲು. ಅಲ್ಲಿಗೆ ಒಂದು ಹನಿ ಹೊಳೆ ನೀರು ಬಂದಿರಲಿಲ್ಲ. ಆದರೂ ನಾವು ಇದ್ದಷ್ಟು ದಿನ ಅವರ ಹತ್ತನೇ ತರಗತಿಯವರು ಮನೆಯಲ್ಲಿ. ಎಸ್ಸೆಸ್ಸೆಲ್ಸಿ ಹುಡುಗರ ತಂದೆಯೊಬ್ಬರು ಬಂದು ನಿಂತು, ಏನೂ ಹೇಳದೆ, ಒಳಗೆ ಇಣುಕಿ ಹೋಗುತ್ತಿದ್ದರು. ಅವರಿಗೆ ನಮ್ಮ ಮೇಲೆ ಸಿಟ್ಟಿರಲಿಲ್ಲ, ದಿನಾ ರೊಟ್ಟಿ ಕಳಿಸಿದವರೂ ಅವರೇ. ಶಾಲೆಯನ್ನು ಆಸರೆಗೆ ಬಳಸುವುದಾದರೆ ಎಲ್ಲಿಯವರೆಗೆ, ಆಮೇಲೆ ಜನ ಎಲ್ಲಿಗೆ ಅಂತ ಮೊದಲೇ ಗೊತ್ತಿರಬೇಕು. ನಮ್ಮಲ್ಲಿ ಗೊತ್ತಿರಲಿಲ್ಲ.

ನಮ್ಮ ಟೀಚರ್ ಅಂದೆನಲ್ಲ, ಹುಡುಗಿಯರನ್ನು ಮಾತಾಡಿಸಿದವರು. ಅವರ ಮನೆಯೂ ಬಿದ್ದಿತ್ತು. ತುರ್ತು ಪರಿಹಾರ ಅಂತ ಸರ್ಕಾರ ಮನೆಗೆ ₹10,000 ಕೊಡುತ್ತಿತ್ತು. ಬೆಳಗ್ಗೆ ಆ ಪಟ್ಟಿ ಬರೆಯುವುದು ಅವರ ಕೆಲಸ. ಪಟ್ಟಿಯಲ್ಲಿ ಅವರ ಅತ್ತೆಯ ಹೆಸರೂ ಇತ್ತು. ತಮ್ಮ ಮನೆಯವರ ಹೆಸರು ತಾವೇ ಬರೆದರೆ ಜನ ಏನಂತಾರೋ ಅಂತ ಆ ಒಂದು ಸಾಲನ್ನು ನನ್ನ ಕೈಯಲ್ಲಿ ಬರೆಸಿದರು. ಕೈಪಿಡಿಯಲ್ಲಿ ಶಿಕ್ಷಕರದ್ದೇ ಒಂದು ಬೇರೆ ಭಾಗ ಇದೆ. ಅವರ ಸಂಬಳ, ಅವರ ಕೆಲಸದ ಹೊರೆ, ಅವರಿಗೆ ಬೇಕಾದ ಬೆಂಬಲ. ಪಕ್ಕದಲ್ಲಿ 'ಇಲ್ಲ' ಅಂತ ಬರೆದು, ಅಳಿಸಿ, 'ಸಂಬಳ ಬಂತು' ಅಂತ ಬರೆದೆ.

ನೀರು ಇಳಿದ ಮೇಲೆ ನಡೆದ ತಮಾಷೆ ಕೇಳಿ. ರಜೆಯ ಆದೇಶದಲ್ಲಿ ಇಂಥ ತಾರೀಖಿನವರೆಗೆ ಅಂತ ಇತ್ತು. ಆ ತಾರೀಖು ದಾಟಿತು. ದಾಟಿದ ಮೇಲೆ ಕಾಗದದ ಮೇಲೆ ನಮ್ಮ ಶಾಲೆ ನಡೆಯುತ್ತಿದೆ ಅಂತಲೇ ಅರ್ಥ. ಆಗ ನಾವು ಒಳಗೆ ಮೊಣಕಾಲು ಮಟ್ಟದ ರಾಡಿ ಬಳಿಯುತ್ತಿದ್ದೆವು. ಒಂದು ಕಚೇರಿಯಿಂದ ಫೋನ್: "ಇವತ್ತು ಬಿಸಿಯೂಟ ಎಷ್ಟು ಜನ ಉಂಡ್ರು, ಸಂಖ್ಯೆ ಕಳಿಸ್ರಿ." ಮುಖ್ಯ ಗುರುಗಳು ಸಲಿಕೆ ಕೈಯಲ್ಲಿ ಹಿಡಿದುಕೊಂಡೇ "ಸೊನ್ನೆ" ಅಂದರು. "ಸೊನ್ನೆ ಹಾಕಿದ್ರ ತೊಗೊಳ್ಳೂದಿಲ್ರಿ" ಅಂತ ಆ ಕಡೆಯಿಂದ.

ದಾಖಲಾತಿ ಪುಸ್ತಕ ಉಳಿದಿತ್ತು. ಮುಖ್ಯ ಗುರುಗಳು 2009ರ ನೆರೆ ಕಂಡವರು. ಮಳೆ ಜೋರಾದ ದಿನವೇ ಅದನ್ನು ಬೀರುವಿನ ತಲೆಯ ಮೇಲೆ ಇಟ್ಟು ಮನೆಗೆ ಹೋಗಿದ್ದರು. ಊರಿನ ಎಷ್ಟೋ ಜನರ ಹುಟ್ಟಿದ ತಾರೀಖಿಗೆ ಅದೊಂದೇ ಆಧಾರ. ಹಾಜರಿ ಪುಸ್ತಕ ಮಾತ್ರ ನನ್ನ ಟೇಬಲ್ಲಿನ ಡ್ರಾಯರಿನಲ್ಲಿತ್ತು. ಇಟ್ಟಿಗೆ ಹಾಗೆ ಊದಿತ್ತು. ಮನೆಗೆ ತಂದು, ಒಂದೊಂದೇ ಹಾಳೆ ಬಿಡಿಸಿ, ನಡುವೆ ಪೇಪರ್ ಇಟ್ಟು ಒಣಗಿಸಿದೆವು, ಮನೆಯವಳೂ ನಾನೂ. ಜೂನ್, ಜುಲೈ ಓದಲು ಬಂತು. ಆಗಸ್ಟ್ ನೀಲಿ ನೀರಾಗಿತ್ತು.

ಬಾಗಿಲು ತೆರೆದ ಮೇಲೆ ಕಳೆದುಹೋದ ದಿನಗಳ ಲೆಕ್ಕ ಶುರುವಾಯಿತು. ಒಂದರಿಂದ ಐದಕ್ಕೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ಆಗಲೇಬೇಕು ಅಂತ ಅದೇ ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ಶನಿವಾರ ಪೂರ್ತಿ ದಿನ, ಕೆಲವು ಭಾನುವಾರ, ಹೀಗೆ ಮಾಡಿ ದಿನ ತುಂಬಿಸಿದೆವು. ದಿನ ತುಂಬಿತು. ಭಾನುವಾರ ಬಂದ ಮಕ್ಕಳು ಅರ್ಧ ನಿದ್ದೆಯಲ್ಲಿರುತ್ತಿದ್ದರು, ತಗಡಿನ ಶೆಡ್ಡಿನಲ್ಲಿ ರಾತ್ರಿ ನಿದ್ದೆ ಎಲ್ಲಿಯದು?

ಸೆಪ್ಟೆಂಬರಿನ ಒಂದು ಮಧ್ಯಾಹ್ನ ನನಗೆ ಸರಿಯಾಗಿ ನೆನಪಿದೆ. ಎರಡನೇ ತರಗತಿಗೆ ಕೂಡುವ ಲೆಕ್ಕ ಹೇಳುತ್ತಿದ್ದೆ. ಒಮ್ಮೆಗೇ ದಪ್ಪ ಹನಿ ಮಳೆ ಬಂತು. ಯಾರೂ ಕೂಗಲಿಲ್ಲ, ಅಳಲಿಲ್ಲ. ಮಕ್ಕಳು ಪಾಟಿ ಚೀಲದೊಳಗೆ ಹಾಕಿಕೊಂಡು, ಚೀಲ ಬೆನ್ನಿಗೇರಿಸಿ, ಎದ್ದು ನಿಂತರು. ಹದಿನಾಲ್ಕೂ ಮಕ್ಕಳು. ಬಾಗಿಲ ಕಡೆ ನೋಡುತ್ತಾ. ನಾನು ಕುಳಿತುಕೊಳ್ಳಿ ಅಂದರೆ ಕುಳಿತರು, ಚೀಲ ಕೆಳಗಿಳಿಸಲಿಲ್ಲ.

ಮರುದಿನದಿಂದ ಆರನೆಯ ತರಗತಿಯವರಿಗೆ ಒಂದು ಕೆಲಸ ಕೊಟ್ಟೆವು. ಹೊಳೆಯ ಗುಡಿ ಮುಂದಿನ ಮೆಟ್ಟಿಲುಗಳನ್ನು ಬೆಳಗ್ಗೆ ದೊಡ್ಡವರೊಬ್ಬರ ಜೊತೆ ಹೋಗಿ ಎಣಿಸಿ ಬರುವುದು, ಪ್ರಾರ್ಥನೆಯಲ್ಲಿ ಹೇಳುವುದು. "ಇವತ್ತು ಹನ್ನೊಂದು ಮೆಟ್ಟಲಾ ಕಾಣ್ತಾವ." ನಿನ್ನೆ ಹತ್ತು ಇತ್ತು, ಇವತ್ತು ಹನ್ನೊಂದು, ಅಂದರೆ ಹೊಳೆ ಇಳಿದಿದೆ. ಕಳೆಯುವ ಲೆಕ್ಕವೂ ಆಯಿತು. ಎರಡನೇ ತರಗತಿಯವರು ಆ ಸಂಖ್ಯೆಗೆ ಕಾಯುತ್ತಿದ್ದರು. ಒಂದು ತಿಂಗಳಿಗೆ ಚೀಲಗಳು ಕೆಳಗಿಳಿದವು. ಮಾನದಂಡಗಳಲ್ಲಿ ಪಠ್ಯವನ್ನು ಅಲ್ಲಿನ ಅಪಾಯಕ್ಕೆ ತಕ್ಕ ಹಾಗೆ ಹೊಂದಿಸಬೇಕು ಅಂತ ಇದೆ. ಅದಕ್ಕೂ 'ಆಯ್ತು' ಬರೆದೆ, ಸ್ವಲ್ಪ ಜಂಬದಿಂದ.

ಆ ಪುಸ್ತಕದಲ್ಲಿ ನನಗೆ ಹಿಡಿಸಿದ್ದು ಅದು ಎಲ್ಲದಕ್ಕೂ ಸಂಖ್ಯೆ ಕೊಡುವುದಿಲ್ಲ ಅನ್ನುವುದು. ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು, ಎಷ್ಟು ದಿನದಲ್ಲಿ ಏನು, ಅದನ್ನು ನಿಮ್ಮಲ್ಲಿ ನೀವೇ ಕೂತು ನಿರ್ಧರಿಸಿ ಅನ್ನುತ್ತದೆ. ಶ್ರೀಲಂಕಾ, ಬಾಂಗ್ಲಾದೇಶ, ಅಫ್ಘಾನಿಸ್ತಾನದವರು ಹಾಗೆ ಕೂತು ತಮ್ಮದೇ ಪ್ರತಿ ಮಾಡಿಕೊಂಡಿದ್ದಾರೆ. ಮಲಪ್ರಭೆ ದಂಡೆಗೆ ಅಂತ ಒಂದು ಬರೆದರೆ ಏನು ಬರೆಯುತ್ತೀರಿ ಅಂತ ನನ್ನನ್ನು ಕೇಳಿದರೆ, ಜಾಸ್ತಿ ಏನೂ ಇಲ್ಲ. ಯಾವ ಶಾಲೆ ಗಂಜಿ ಕೇಂದ್ರ ಆದರೂ ಒಂದು ಕೋಣೆಗೆ ಜನರನ್ನು ಬಿಡಬೇಡಿ, ಅದು ಪಾಠದ್ದು. ಮುಳುಗಿದ ಪ್ರತಿ ಶಾಲೆಯ ಒಬ್ಬ ಮೇಷ್ಟ್ರಿಗೆ ಪಟ್ಟಿ ಕೊಡಬೇಡಿ, ಮಕ್ಕಳನ್ನು ಕೊಡಿ. ಮತ್ತೆ, ರಜೆಯ ಆದೇಶದ ಜೊತೆಗೇ ಪಾಠ ಎಲ್ಲಿ, ಯಾವ ತಾರೀಖಿಗೆ ಶುರು ಅಂತಲೂ ಬರೆಯಿರಿ. ಈ ಮೂರನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ. ತಾರೀಖು ಇದ್ದರೆ ಅಪ್ಪ ಅಮ್ಮ ಗೋವಾಕ್ಕೆ ಹೋಗುವ ಮೊದಲು ಒಮ್ಮೆ ಯೋಚಿಸುತ್ತಾರೆ, ಮಗುವನ್ನು ಅಜ್ಜಿಯ ಹತ್ತಿರ ಬಿಡುತ್ತಾರೆ. ಹೊಳೆ ಇಳಿಯಲಿ ಅಂದರೆ, ಯಾವ ತಾಯಿ ಕಾಯುತ್ತಾಳೆ? ವಯನಾಡಿನಲ್ಲಿ 2024ರ ಜುಲೈ 30ಕ್ಕೆ ಗುಡ್ಡ ಕುಸಿದು ವೆಳ್ಳಾರಮಲದ ಶಾಲೆ ಹಾಳಾದಾಗ, ತಿಂಗಳು ಕಳೆಯುವ ಹೊತ್ತಿಗೆ ಆ ಮಕ್ಕಳಿಗೆ ಮೇಪ್ಪಾಡಿಯಲ್ಲಿ ಪ್ರವೇಶೋತ್ಸವ ಮಾಡಿದರು. ಸುದ್ದಿ ಓದುತ್ತಾ ನಾನು ಮೊದಲು ಹುಡುಕಿದ್ದು ಆ ತಾರೀಖನ್ನೇ.

ಶಾಲೆಯನ್ನೇ ಎತ್ತರಕ್ಕೆ ಸ್ಥಳಾಂತರ ಮಾಡಿ ಅನ್ನುವವರಿಗೆ ಒಂದು ಮಾತು. 2009ರ ನೆರೆಯಲ್ಲಿ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಆಸರೆ ಯೋಜನೆಯಲ್ಲಿ ಎತ್ತರದಲ್ಲಿ ಮನೆ ಕಟ್ಟಿಕೊಟ್ಟರು. ಎಷ್ಟೋ ಕಡೆ ಜನ ಹೋಗಲಿಲ್ಲ. ದನ ಕಟ್ಟಲು ಜಾಗ ಇಲ್ಲ, ಹೊಲ ದೂರ, ನೀರಿಲ್ಲ. ಹತ್ತು ವರ್ಷಕ್ಕೆ ಅದೇ ಜನ ಮತ್ತೆ ಮುಳುಗಿದರು. ಅವರನ್ನು ದಡ್ಡರು ಅನ್ನುವುದು ಸುಲಭ, ಅಲ್ವಾ? ಮನೆ ಕೆಳಗೆ ಉಳಿದು ಶಾಲೆ ಮಾತ್ರ ಮೇಲೆ ಹೋದರೆ ಮೊದಲು ನಿಲ್ಲುವುದು ಒಂದನೇ ತರಗತಿಯ ಕಾಲುಗಳು.

ನೆರೆಯ ವರ್ಷ ಮುಗಿಯುವ ಮೊದಲೇ ಕೊರೋನಾ ಬಂತು. ಈ ಸಲ ಇಡೀ ರಾಜ್ಯವೇ ಮುಳುಗಿತ್ತು. ಆಗಸ್ಟ್ 2020ರಲ್ಲಿ ವಿದ್ಯಾಗಮ ಶುರುವಾಯಿತು, ಶಾಲೆಗೆ ಮಕ್ಕಳು ಬರುವಂತಿಲ್ಲ, ನಾವೇ ಓಣಿಗೆ ಹೋಗಿ ಗುಡಿ ಕಟ್ಟೆಯಲ್ಲೋ ಮರದ ಕೆಳಗೋ ಪಾಠ ಮಾಡಬೇಕು. ಬೇರೆ ಊರಿನ ಮೇಷ್ಟ್ರುಗಳು ಹೇಗಪ್ಪಾ ಅಂದರು, ನಮಗೆ ಬೀರುವಿನ ಬೆನ್ನು ನೆನಪಿತ್ತು. ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ಅದನ್ನು ನಿಲ್ಲಿಸಿದರು. 2022ರಲ್ಲಿ ಕಲಿಕಾ ಚೇತರಿಕೆ ಅಂತ ಒಂದು ಪೂರ್ತಿ ವರ್ಷವನ್ನೇ ಹಳೆಯದನ್ನು ತುಂಬಿಕೊಳ್ಳಲು ಕೊಟ್ಟರು. ಅದೇ ಕೆಲಸವನ್ನು ನೆರೆಯ ಮಕ್ಕಳಿಗೆ 2019ರಲ್ಲಿ ನಾವು ಭಾನುವಾರಗಳಲ್ಲಿ ಮುಗಿಸಿದ್ದೆವು.

ವಿದ್ಯಾಗಮದ ಮೊದಲ ವಾರದಲ್ಲೇ ಅವನು ಬಂದ. ತಟ್ಟೆ ಹಿಡಿದು ಸಾಲಿ ಯಾವಾಗ ಅಂತ ಕೇಳಿದ್ದವನು. ನಾನು ಹೊಳೆ ಇಳಿಯಲಿ ಅಂದ ವಾರದೊಳಗೇ ಅವನ ಮನೆಯವರು ಗೋವಾಕ್ಕೆ ಹೋಗಿದ್ದರು, ಲಾಕ್‌ಡೌನಿನಲ್ಲಿ ತಿರುಗಿ ಬಂದಿದ್ದರು. ಎತ್ತರ ಬೆಳೆದಿದ್ದ. ಹನುಮಪ್ಪನ ಗುಡಿ ಕಟ್ಟೆಯ ತುದಿಯಲ್ಲಿ ನಿಂತುಕೊಂಡು ಕೇಳಿದ: "ಸರ್, ನಾ ಈಗ ಎಷ್ಟನೇ ಇಯತ್ತೆ?"

"ಆರನೇದು" ಅಂದೆ. ಹೆಸರು ಪುಸ್ತಕದಲ್ಲಿ ಹಾಗೇ ಇತ್ತು. ಪುಸ್ತಕ ಕೊಟ್ಟು ಓದಿಸಿದರೆ ಒತ್ತಕ್ಷರ ಬಂದಲ್ಲೆಲ್ಲ ನಿಂತ. ನಾನು ಪುಸ್ತಕ ಮುಚ್ಚಿದೆ.

ಮಕ್ಕಳನ್ನು ದೂರ ದೂರ ಕೂರಿಸಲು ಕಟ್ಟೆಯ ಮೇಲೆ ಖಡುವಿನಿಂದ ಚೌಕ ಹಾಕಬೇಕಿತ್ತು. ನಾನು ಮೊಳ ಹಾಕಿ ಅಳೆಯುತ್ತಾ ಬಗ್ಗಿದ್ದೆ. ಅವನು ಸ್ವಲ್ಪ ಹೊತ್ತು ನೋಡಿದ. "ಹಂಗಲ್ರಿ ಸರ್" ಅಂತ ಹತ್ತಿರ ಬಂದ. ಗೋವಾದಲ್ಲಿ ಅಪ್ಪನ ಜೊತೆ ಟೇಪಿನ ಇನ್ನೊಂದು ತುದಿ ಹಿಡಿದವನು. ಒಂದು ದಾರ ಕೇಳಿದ, ಅಳೆದು ಗಂಟು ಹಾಕಿದ, ಒಂದು ತುದಿ ನನ್ನ ಕೈಗೆ ಕೊಟ್ಟ. "ನೀವ್ ಇಲ್ಲೇ ಒತ್ತಿ ಹಿಡೀರಿ" ಅಂದ. ನಾನು ಹಿಡಿದುಕೊಂಡು ಕೂತೆ. ಅವನು ಕಟ್ಟೆಯ ಆ ತುದಿಯವರೆಗೂ ಗುರುತು ಹಾಕುತ್ತಾ ಹೋದ.